ಶೋಕೇಸಿನಲ್ಲಿದ್ದ ಕರಡಿಗೆ

"ಮುಟ್ಟಬೇಡಿ ಮೇಡಂ, ಅದು ಡಿಸ್‌ಪ್ಲೇ ಪೀಸು," ಎಂದ ಸಂಗಮೇಶ್.

ಮಹಾನಂದಾ ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. ಶೋಕೇಸಿನ ಗಾಜನ್ನು ಬದಿಗೆ ಸರಿಸಿ, ಪುಟ್ಟ ಬಲ್ಬಿನ ಬೆಳಕಿನಡಿ ಹೊಳೆಯುತ್ತಿದ್ದ, ಇಷ್ಟಲಿಂಗವಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಕರಡಿಗೆಯನ್ನು ಎತ್ತಿ ಅಂಗೈ ಮೇಲೆ ಇಟ್ಟುಕೊಂಡಳು. ಪಕ್ಕದಲ್ಲಿದ್ದ ನಿವೇದಿತಾ ಮುಂದಕ್ಕೆ ಬಾಗಿದಳು.

"ತಳದಲ್ಲಿ ನೋಡಿ," ಎಂದಳು ನಿವೇದಿತಾ. "ಒಂದು ತಗ್ಗು ಇರ್ಬೇಕು. ಚಿಕ್ಕವಳಿದ್ದಾಗ ಅಪ್ಪನ ಕೊರಳಿಂದ ಎಳೆದು ಮೆಟ್ಟಿಲ ಮೇಲೆ ಬೀಳಿಸಿದ್ದೆ."

ಮಹಾನಂದಾ ತಿರುಗಿಸಿ ನೋಡಿದಳು. ತಗ್ಗು ಇತ್ತು.

ಇಷ್ಟು ಹೊತ್ತು ನಗುನಗುತ್ತಾ ತನ್ನ ಸಂಗ್ರಹ ತೋರಿಸುತ್ತಿದ್ದ ಸಂಗಮೇಶನ ಮುಖ ಸಣ್ಣದಾಯಿತು. ತನ್ನ ಹಾಗೆಯೇ ಜಿಯೋಕ್ಯಾಶ್ ಎಂಬ ಹುಡುಕಾಟದ ಆಟದ ಹುಚ್ಚಿನವರು ಇಬ್ಬರು ಬಂದಿದ್ದಾರೆಂದು ನಂಬಿ, ವೈಟ್‌ಫೀಲ್ಡಿನ ಈ ಅಪಾರ್ಟ್‌ಮೆಂಟಿನ ಬಾಗಿಲನ್ನು ಅವನೇ ತೆರೆದಿದ್ದ.

"ನೀವು ಯಾರು?" ಎಂದ.

"ನಾನು ಪತ್ತೇದಾರಿ ಕೆಲಸ ಮಾಡೋಳು. ಮೊದಲು ಪೊಲೀಸ್ ಡಿಪಾರ್ಟ್‌ಮೆಂಟಲ್ಲಿದ್ದೆ, ಈಗ ಕಾಡುಗೋಡಿಯಲ್ಲಿ ನಂದೇ ಆಫೀಸು. ಇವಳು ನಿವೇದಿತಾ. ಈ ಕರಡಿಗೆ ಇವಳ ಅಪ್ಪಂದು. ಅವರು ಕಾಣೆಯಾಗಿದ್ದಾರೆ."

ಪೀಣ್ಯದಲ್ಲಿ ಕಬ್ಬಿಣ ಕಾಯಿಸಿ ಬಡಿಯುವ ಫೋರ್ಜಿಂಗ್ ಕಾರ್ಖಾನೆಯೊಂದರಲ್ಲಿ ಕ್ರೇನು ಕುಸಿದು ಬಸಲಿಂಗ ಎಂಬ ಕಾರ್ಮಿಕ ಸತ್ತಿದ್ದ. ಮರುದಿನದಿಂದ ಅಲ್ಲಿಯ ಸೇಫ್ಟಿ ಆಫೀಸರ್ ಸಿದ್ದರಾಮಪ್ಪ ನಾಪತ್ತೆ. ತಪ್ಪು ಅವರದೇ, ಅದಕ್ಕೇ ಓಡಿಹೋದರು ಎಂದು ಕಾರ್ಖಾನೆಯವರು ಹೇಳುತ್ತಿದ್ದರು. ಪೊಲೀಸರೂ ಅದನ್ನೇ ಬರೆದುಕೊಂಡಿದ್ದರು.

"ನೋಡಿ, ನಾನು ಕದ್ದಿಲ್ಲ," ಎಂದ ಸಂಗಮೇಶ್. "ಚಿಕ್ಕಬಾಣಾವರ ಕೆರೆ ಹತ್ರದ ಜಿಯೋಕ್ಯಾಶ್ ಬಾಕ್ಸಲ್ಲಿ ಸಿಕ್ಕಿದ್ದು. ಈ ಆಟದ ರೂಲೇ ಹಾಗೆ. ಜಿಪಿಎಸ್ ನೋಡ್ಕೊಂಡು ಹೋಗಿ, ಯಾರೋ ಬಚ್ಚಿಟ್ಟ ಬಾಕ್ಸ್ ಹುಡುಕ್ಬೇಕು. ಒಳಗಿನ ಒಂದು ಐಟಂ ತಗೊಂಡು ನಮ್ದೊಂದು ಇಡ್ಬೇಕು. ಅಷ್ಟೇ."

"ಅಷ್ಟೇ ಅಲ್ಲ," ಎಂದಳು ನಿವೇದಿತಾ. "ತಗೊಂಡದ್ದಕ್ಕೆ ಸಮ ಇರೋದು ಇಡ್ಬೇಕು. ಇಲ್ಲಾಂದ್ರೆ ಅದಕ್ಕಿಂತ ಚೆನ್ನಾಗಿರೋದು. ನೀವೇನಿಟ್ರಿ?"

ಅವನು ಒಂದು ಹೆಜ್ಜೆ ಹಿಂದಕ್ಕೆ ಸರಿದ.

"ನಾನೇ ಹೇಳ್ತೀನಿ. ಹೋಟೆಲ್ ರೂಮಿನ ಶಾಂಪೂ ಪ್ಯಾಕೆಟ್ಟು. ಯಾವುದೋ ಕಾನ್ಫರೆನ್ಸಿನ ಹಳೇ ಬ್ಯಾಡ್ಜು. ಕೂಲ್‌ಡ್ರಿಂಕ್ಸ್ ಬಾಟ್ಲಿ ಮುಚ್ಚಳ. ಇವತ್ತು ಬೆಳಿಗ್ಗೆ ತೆಗೆದು ನೋಡ್ಕೊಂಡೇ ಬಂದಿದೀವಿ. ಆ ಬಾಕ್ಸ್ ಇಟ್ಟಿರೋದೇ ನಾನು ಮತ್ತು ನಮ್ಮಪ್ಪ."

ಸಂಗಮೇಶನ ಕಣ್ಣು ತಾನಾಗಿಯೇ ಶೋಕೇಸಿನ ಮೇಲಿನ ಹಲಗೆಯತ್ತ ಹೋಯಿತು. ಅಲ್ಲಿ ಹಿತ್ತಾಳೆಯ ಬುಗುರಿಗಳು ಸಾಲಾಗಿ ನಿಂತಿದ್ದವು. ಒಂದೊಂದೂ ಬೇರೆ ಆಕಾರ, ಒಂದೊಂದರ ಸೊಂಟದಲ್ಲಿ ಕೂದಲೆಳೆಯಷ್ಟು ತೆಳುವಾದ ಗೆರೆಗಳು.

ನಿವೇದಿತಾ ಅವನ್ನು ಆಗಷ್ಟೇ ನೋಡಿದಳು.

"ಎಲ್ಲಾ ನೀವೇ ತಗೊಂಡಿದ್ದಾ?" ಅವಳ ದನಿ ಏರಿತು. "ಭಾನುವಾರ ಭಾನುವಾರ ಅಪ್ಪ ಒಂದೊಂದು ಇಡೋರು, ಗೊತ್ತಾ ನಿಮಗೆ? ಲೇತ್ ಮಷೀನಲ್ಲಿ ಕಡೆದು ತಾವೇ ಮಾಡೋರು. ಊರೆಲ್ಲಾ ಬಾಕ್ಸಲ್ಲಿ ಕಸ ತುಂಬ್ತಾರೆ, ನಮ್ಮ ಬಾಕ್ಸಲ್ಲಿ ಕೈ ಹಾಕಿದೋರಿಗೆ ಒಂದು ಒಳ್ಳೇ ವಸ್ತು ಸಿಗ್ಲಿ ಅನ್ನೋರು. ಮುಂದಿನ ವಾರ ಹೋದ್ರೆ ಬುಗುರಿ ಇಲ್ಲ, ಶಾಂಪೂ ಪ್ಯಾಕೆಟ್ಟು! ಯಾವುದೋ ಮಗು ತಗೊಂಡಿರುತ್ತೆ ಬಿಡು ಅಂತ ಸಮಾಧಾನ ಮಾಡ್ಕೊಳ್ತಿದ್ರು."

"ಇಡೀ ಬೆಂಗಳೂರಲ್ಲಿ ಕ್ವಾಲಿಟಿ ಐಟಂ ಇರೋದು ಅದೊಂದೇ ಬಾಕ್ಸಲ್ಲಿ," ಎಂದ ಸಂಗಮೇಶ್ ಗೊಣಗುತ್ತ. "ಮಿಕ್ಕಿದ್ದೆಲ್ಲಾ ಮುರಿದ ಕೀಚೈನು, ತುಕ್ಕು ಹಿಡಿದ ಬ್ಯಾಡ್ಜು. ಅಷ್ಟು ದೂರ ಹೋಗಿ ಅದನ್ನ ಯಾರು ತರ್ತಾರೆ?"

ಮಹಾನಂದಾಳಿಗೆ ಒಳಗೆ ಕುದಿಯತೊಡಗಿತು. ಅವಳು ಬೆಳೆದದ್ದು ಕಾಡುಗೋಡಿಯ ಕೂಲಿ ಶೆಡ್ಡುಗಳಲ್ಲಿ, ಬಾಗಲಕೋಟೆ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ತಾಯಿತಂದೆಯ ಜೊತೆ. ಬೆಂಗಳೂರಿನ ಮಾತನ್ನು ಅವಳು ನೀರು ಕುಡಿದಂತೆ ಆಡಬಲ್ಲಳು. ಸಿಟ್ಟು ಬಂದಾಗ ಮಾತ್ರ ನಾಲಿಗೆ ಊರಿಗೆ ಓಡುತ್ತಿತ್ತು.

"ಹೆಸರು ಸಂಗಮೇಶ. ನಿಮ್ಮ ಮನ್ಯಾಗೂ ಲಿಂಗ ಕಟ್ಟತಿರಬೇಕಲ್ಲ?"

"ನಮ್ಮಜ್ಜ ಕಟ್ತಿದ್ರು."

"ಹಂಗಾದ್ರ ಇದು ಏನಂತ ನಿಮಗ ಗೊತ್ತಿತ್ತು."

"ಗೊತ್ತಿತ್ತು. ಆದರೆ..."

"ಸತ್ತ ಮ್ಯಾಲೆ ಲಿಂಗದ ಜೋಡಿನ ಮಣ್ಣಾಗ ಇಡ್ತಾರ. ಬದುಕಿರೋತನಕ ಯಾರೂ ಎದಿ ಮ್ಯಾಲಿಂದ ಇಳಸೂದಿಲ್ಲ. ಬರಿದಾದ ಕರಡಿಗಿ ಕೆರಿ ದಂಡಿ ಮ್ಯಾಲಿನ ಪ್ಲಾಸ್ಟಿಕ್ ಡಬ್ಬ್ಯಾಗ ಸಿಕ್ತು ಅಂದ್ರ ಏನೋ ಅನಾಹುತ ಆಗೇತಿ ಅಂತ ನಿಮಗ ಅನಸಲೇ ಇಲ್ಲ? ಮುಚ್ಚಳ ತಗದು ಫೋಟೋ ಹೊಡದು ಗ್ರೂಪಿಗೆ ಹಾಕಿದ್ರಿ. 'ಕೊನೆಗೂ ಒಂದು ಕ್ವಾಲಿಟಿ ಐಟಂ' ಅಂತ ಬರದ್ರಿ!"

ಆ ಫೋಟೋ ಒಬ್ಬರಿಂದೊಬ್ಬರಿಗೆ ದಾಟಿ, ನಿನ್ನೆ ನಿವೇದಿತಾಳ ಆಫೀಸಿನ ಗೆಳತಿಯ ಫೋನಿಗೆ ಬಂದಿತ್ತು. ಹಾಗಾಗಿಯೇ ಇವರಿಬ್ಬರೂ ಇಲ್ಲಿ ನಿಂತಿದ್ದರು.

"ಅದು ಅಲ್ಲಿ ತುಂಬಾ ದಿನದಿಂದ ಬಿದ್ದಿತ್ತು ಮೇಡಂ," ಎಂದ ಸಂಗಮೇಶ್. "ಕಸದ ಕೆಳಗೆ, ತಳದಲ್ಲಿ. ಯಾರೋ ಮನೆ ಖಾಲಿ ಮಾಡುವಾಗ ಬೇಡ ಅಂತ ಇಟ್ಟಿರ್ತಾರೆ ಅನ್ಕೊಂಡೆ. ಆ್ಯಂಟಿಕ್ ಥರ ಇತ್ತು."

"ಸುಳ್ಳು."

"ಯಾಕೆ ಸುಳ್ಳು?"

ಮಹಾನಂದಾ ಕರಡಿಗೆಯನ್ನು ಅವನ ಮುಖದೆದುರು ಹಿಡಿದಳು. "ಆ ಕೆರಿಗೆ ಊರ ಗಟಾರ ಎಲ್ಲಾ ಬಂದು ಬೀಳತೈತಿ. ಆ ಗಾಳಿಗೆ ಬೆಳ್ಳಿ ನಾಲ್ಕು ದಿನದಾಗ ಕರ್ರಗಾಗತೈತಿ. ಡಬ್ಬಿ ಮುಚ್ಚಳ ಬ್ಯಾರೆ ಸೀಳೇತಿ. ಒಳಗಿನ ಕಸ ಎಲ್ಲಾ ಬೂಷ್ಟು ಹಿಡದೈತಿ. ಇದು ನೋಡ್ರಿ, ಮದಿವಿ ಮನ್ಯಾನ ಬಟ್ಟಲದಂಗ ಹೊಳಿಯಾಕತ್ತೈತಿ, ತಿಕ್ಕಿದ ಗುರುತೂ ಇಲ್ಲ. ಇಟ್ಟ ದಿನಾನ ನೀವು ಎತ್ತೀರಿ. ಯಾವತ್ತು?"

ಸಂಗಮೇಶ್ ಸೋಫಾದ ತುದಿಯಲ್ಲಿ ಕೂತ. ಹೊರಗೆ ಮೆಟ್ರೋ ರೈಲೊಂದು ಹಾದುಹೋಗುವ ಸದ್ದಾಯಿತು.

"ಒಂದು ಭಾನುವಾರ," ಎಂದ. "ಬೆಳಿಗ್ಗೆ. ಎಲ್ಲಾದಕ್ಕಿಂತ ಮೇಲೇ ಇತ್ತು. ಪೀಣ್ಯದಲ್ಲಿ ಕ್ರೇನ್ ಬಿತ್ತು ಅಂತ ಪೇಪರಲ್ಲಿ ಬಂತಲ್ಲ, ಅದೇ ವಾರ."

ನಿವೇದಿತಾ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆ ಭಾನುವಾರ ಅವಳು ಪೊಲೀಸ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದಳು. ಎಲ್ಲಾ ಭಾನುವಾರಗಳಂತೆ ಅಂದೂ ಕೆರೆಗೆ ಹೋಗಿದ್ದರೆ ಅಪ್ಪ ಇಟ್ಟದ್ದು ಅವಳ ಕೈಗೇ ಸಿಗುತ್ತಿತ್ತು.

"ನನಗೆ ಅಂತ ಇಟ್ಟಿದ್ರು," ಎಂದಳು. "ನಾನು ಬರ್ತೀನಿ ಅಂತ ನಂಬಿ ಇಟ್ಟಿದ್ರು. ಈ ಮನುಷ್ಯ ಶೋಕೇಸಿಗೆ ತಂದಿಟ್ಕೊಂಡ."

ಮಹಾನಂದಾ ಅವಳ ಹೆಗಲು ಒತ್ತಿ ಕಿಟಕಿಯ ಬೆಳಕಿಗೆ ಹೋದಳು. ಕರಡಿಗೆಯ ಎರಡೂ ಬದಿಯ ಕಿವಿಗಳನ್ನು ನೋಡಿದಳು. ಶಿವದಾರ ಪೋಣಿಸುವ ಆ ಪುಟ್ಟ ಬಳೆಗಳು ಸೊಟ್ಟಗಾಗಿರಲಿಲ್ಲ. ಕತ್ತರಿಸಿದ ದಾರದ ಒಂದು ಎಳೆಯೂ ಅಲ್ಲಿ ಸಿಕ್ಕಿಕೊಂಡಿರಲಿಲ್ಲ.

"ನಿವೇದಿತಾ, ಇಲ್ಲಿ ಬಾ. ಇದನ್ನ ಯಾರೂ ಕಿತ್ಕೊಂಡಿಲ್ಲ. ಕಿತ್ಕೊಳ್ಳೋನು ದಾರ ಹರೀತಾನೆ, ಇಲ್ಲಾ ಕತ್ತರಿಸ್ತಾನೆ. ಇದನ್ನ ನಿಧಾನಕ್ಕೆ ಬಿಚ್ಚಿದ್ದಾರೆ. ದಾರಾನೂ ತಗೊಂಡು ಹೋಗಿದ್ದಾರೆ, ಲಿಂಗಾನೂ ತಗೊಂಡು ಹೋಗಿದ್ದಾರೆ."

"ಅಂದ್ರೆ?"

"ಕರಡಿಗೆ ಇಲ್ಲದಿದ್ದಾಗ ಏನ್ ಮಾಡ್ತಾರೆ ಹೇಳು."

"ಬಿಳಿ ಬಟ್ಟೇಲಿ ಸುತ್ತಿ ಕಟ್ಕೊಳ್ತಾರೆ." ಅವಳ ಕಣ್ಣು ಅರಳಿತು. "ಅಪ್ಪ ಕಟ್ಕೊಂಡು ಹೋಗಿದ್ದಾರೆ. ಅಪ್ಪ ಇದಾರೆ!"

"ಆವತ್ತು ಇದ್ರು. ಅಷ್ಟು ಮಾತ್ರ ಹೇಳಬಲ್ಲೆ." ಮಹಾನಂದಾ ಕರಡಿಗೆಯ ಮುಚ್ಚಳ ತಿರುವಿ ತೆಗೆದಳು. "ಆದರೆ ಖಾಲಿ ಕರಡಿಗೆ ನಿನಗ್ಯಾಕೆ ಕೊಟ್ರು?"

ಒಳಗಿನಿಂದ ವಿಭೂತಿಯ ವಾಸನೆ ಬರಬೇಕಿತ್ತು. ಬಂದದ್ದು ಮಷೀನಿನ ಗ್ರೀಸಿನ ವಾಸನೆ. ಅವಳು ಬೆರಳು ತೂರಿಸಿ ಸವರಿದಳು. ತುದಿಗೆ ಕಪ್ಪು ಜಿಡ್ಡು ಅಂಟಿತು. ಮೆತ್ತನೆಯ ಬೆಳ್ಳಿಯ ಮೇಲೆ ಒಂದರ ಪಕ್ಕ ಒಂದರಂತೆ ಗೀರುಗಳು ಸಾಲಾಗಿ ಬಿದ್ದಿದ್ದವು, ಬಾಚಣಿಗೆಯಿಂದ ಎಳೆದ ಹಾಗೆ.

ಮರೆಯುವಂಥ ಗುರುತಲ್ಲ ಅದು. ತಿರುಪಿನ ಸುತ್ತುಗಳ ಗುರುತು.

"ಒಳಗೇನಿತ್ತು?" ಎಂದು ಕೇಳಿದಳು, ತಿರುಗದೆಯೇ.

"ಏನೂ ಇರ್ಲಿಲ್ಲ."

"ಸಂಗಮೇಶ್."

"ನಿಜವಾಗ್ಲೂ ಮೇಡಂ. ಖಾಲಿ ಇತ್ತು."

ಮಹಾನಂದಾ ಬಂದು ಅವನೆದುರು ಕುಕ್ಕುರುಗಾಲಲ್ಲಿ ಕೂತಳು, ಕಣ್ಣಿಗೆ ಕಣ್ಣು ಸೇರುವಂತೆ. ಗ್ರೀಸು ಹತ್ತಿದ ಬೆರಳನ್ನು ಅವನ ಬಿಳಿ ಅಂಗಿಯ ಎದೆಗೆ ಒರೆಸಿದಳು. ಕಪ್ಪು ಗೆರೆಯೊಂದು ಮೂಡಿತು.

"ಇದನ್ನ ಯಾವ ಸ್ವಾಮಿ ಕೊಟ್ಟ ವಿಭೂತಿ ಅಂತೀರಿ?"

ಅವನು ಗೆರೆಯನ್ನೇ ನೋಡುತ್ತಾ ಕೂತ.

"ಒಂದು ಬೋಲ್ಟು," ಎಂದ ಕೊನೆಗೆ. "ಮುರಿದದ್ದು. ಹೆಬ್ಬೆಟ್ಟಿನ ತುದಿಯಷ್ಟು. ಒಳ್ಳೇ ಬೆಳ್ಳೀಲಿ ಯಾರೋ ಕಸ ತುರುಕಿದ್ದಾರಲ್ಲ ಅಂತ ಬೇಜಾರಾಯ್ತು."

"ಕಸ!" ಎಂದಳು ಮಹಾನಂದಾ.

ಕಳೆದ ವಾರ ಅವಳು ಆ ಕಾರ್ಖಾನೆಯ ಒಳಗೆ ಹೋಗಿದ್ದಳು. ಕ್ರೇನನ್ನು ಗೋಡೆಗೆ ಬಿಗಿದಿದ್ದ ಜಾಗದಲ್ಲಿ ಬೋಲ್ಟುಗಳೆಲ್ಲ ಹೊಚ್ಚ ಹೊಸವು, ಮೇಲೆ ಹಸಿ ಬಣ್ಣ. ಮುರಿದ ಹಳೆಯವು ಎಲ್ಲಿ ಎಂದು ಕೇಳಿದಾಗ ಮ್ಯಾನೇಜರು ನಕ್ಕಿದ್ದ. ಏನೂ ಮುರಿದಿರಲಿಲ್ಲ, ಬಸಲಿಂಗನೇ ಮಿತಿ ಮೀರಿ ಭಾರ ಹಾಕಿಸಿದ, ಸಿದ್ದರಾಮಪ್ಪ ನೋಡಿಯೂ ಸುಮ್ಮನಿದ್ದರು ಎಂದಿದ್ದ. ಹೊರಗೆ ಗೇಟಿನ ಬಳಿ ಬಸಲಿಂಗನ ಹೆಂಡತಿ ಹೊಳೆವ್ವ ಗಂಡನ ಫೋಟೋ ಹಿಡಿದು ಬಿಸಿಲಲ್ಲಿ ಕೂತಿದ್ದಳು. ನಿವೇದಿತಾಳನ್ನು ಕಂಡದ್ದೇ ಅವಳ ದುಪಟ್ಟಾ ಹಿಡಿದು ಜಗ್ಗಿ, "ನಿಮ್ಮಪ್ಪನ್ನ ಎಲ್ಲಿ ಮುಚ್ಚಿಟ್ಟೀರಿ? ನನ್ನ ಗಂಡನ್ನ ತಿಂದವ ಎಲ್ಲಿ ಕುಂತಾನ?" ಎಂದು ಚೀರಿದ್ದಳು.

"ಕೇಳಿಲ್ಲಿ," ಎಂದಳು ಮಹಾನಂದಾ. ಬಹುವಚನ ಬಿದ್ದುಹೋದದ್ದು ಅವಳಿಗೂ ತಿಳಿಯಲಿಲ್ಲ. "ಆ ಕ್ರೇನ್ ಬಿದ್ದದ್ದು ಆ ಬೋಲ್ಟು ಮುರದು. ಕಳಪೆ ಮಾಲು ಹಾಕಿ ಕೂಲಿ ಆಳಿನ ತಲಿ ಮ್ಯಾಲೆ ಕೆಡವ್ಯಾರ. ಅದು ಕಳಪೆ ಅನ್ನೂದಕ್ಕ ಇದ್ದದ್ದು ಅದೊಂದ ಸಾಕ್ಷಿ. ಜೀವಕ್ಕ ಅಂಜಿ ಓಡೋ ಮನಷಾ ಅದನ್ನ ಜೇಬಿನ್ಯಾಗ ಇಟ್ಕೊಳ್ಳಲಿಲ್ಲ. ಎದಿ ಮ್ಯಾಲಿನ ಕರಡಿಗಿ ಬಿಚ್ಚಿ, ಲಿಂಗ ತಗದು, ಆ ಜಾಗದಾಗ ಇಟ್ಟು ಮಗಳಿಗೆ ಅಂತ ಬಿಟ್ಟುಹೋದ. ನೀ ಬೆಳ್ಳಿ ಎತ್ಕೊಂಡಿ! ಬೋಲ್ಟು ಎಲ್ಲೈತಿ?"

"ಎಸೆದ್ಬಿಟ್ಟೆ."

"ಎಲ್ಲಿ?"

"ಡಸ್ಟ್‌ಬಿನ್ನಿಗೆ. ಕಸದ ಗಾಡಿಯವರು ತಗೊಂಡು ಹೋಗಿರ್ತಾರೆ."

ಮಹಾನಂದಾ ಎದ್ದಳು. ಕೈ ಅವನ ಕೆನ್ನೆಗೆ ಹೋಗುವುದರಲ್ಲಿತ್ತು. ಅದನ್ನು ಹೇಗೋ ತಿರುಗಿಸಿ ಶೋಕೇಸಿನ ಹಲಗೆಗೆ ಬಡಿದಳು. ಬುಗುರಿಗಳು ಒಂದರ ಮೇಲೊಂದು ಉರುಳಿ ನೆಲಕ್ಕೆ ಬಿದ್ದವು. ಒಂದು ಮಾತ್ರ ತನ್ನಷ್ಟಕ್ಕೆ ಗಿರ್ರನೆ ತಿರುಗಿ ಸೋಫಾದ ಕೆಳಗೆ ಸೇರಿತು.

ನಿವೇದಿತಾ ಅತ್ತಳು. ಅತ್ತದ್ದು ದುಃಖಕ್ಕಲ್ಲ. ಹಲ್ಲು ಕಚ್ಚಿ, ಮುಷ್ಟಿ ಬಿಗಿದು, ಸಂಗಮೇಶನನ್ನು ನೋಡುತ್ತಲೇ ಅತ್ತಳು.

"ನಮ್ಮಪ್ಪ ಕಳ್ಳನ ಥರ ಓಡಿಹೋದ ಅಂತ ಇಡೀ ಪೀಣ್ಯ ಮಾತಾಡುತ್ತೆ. ಹೊಳೆವ್ವ ನನ್ನ ಮುಖಕ್ಕೆ ಉಗೀತಾಳೆ. ಉಗೀಲಿ, ಅವಳ ಗಂಡ ಸತ್ತಿದ್ದಾನೆ. ನಿಮಗೇನಾಗಿತ್ತು? ಒಂದು ಫೋನ್ ಮಾಡಕ್ಕಾಗ್ಲಿಲ್ವಾ? 'ಇದು ಯಾರದು?' ಅಂತ ಒಂದು ಮಾತು ಕೇಳಕ್ಕಾಗ್ಲಿಲ್ವಾ?"

"ಸಾರಿ," ಎಂದ ಸಂಗಮೇಶ್.

"ಸಾರಿ ಇಟ್ಕೊಳ್ಳಿ ನಿಮ್ಮ ಶೋಕೇಸಲ್ಲೇ."

ಆಗ ಅವಳ ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ 'ಅಮ್ಮ' ಎಂಬ ಹೆಸರು, ಹೆಸರಿನ ಹಿಂದೆ ಕಮಲಮ್ಮನ ಫೋಟೋ. ಹಣೆಯಲ್ಲಿ ಮೂರೆಳೆ ವಿಭೂತಿ, ದಪ್ಪ ಕನ್ನಡಕ, ಇಳಕಲ್ ಸೀರೆ. ಗಂಡ ಕಾಣೆಯಾದಂದಿನಿಂದ ಚಿಕ್ಕಬಾಣಾವರದ ಮನೆಯ ದೇವರ ಕೋಣೆ ಬಿಟ್ಟು ಹೊರಗೆ ಬಂದಿಲ್ಲ ಎಂದು ನಿವೇದಿತಾ ಹೇಳಿದ್ದ ತಾಯಿ.

ಕಣ್ಣೊರೆಸಿಕೊಳ್ಳುತ್ತಾ ಫೋನು ಎತ್ತಲು ಹೋದವಳನ್ನು ಸಂಗಮೇಶನ ದನಿ ತಡೆಯಿತು.

"ಇವರು ನಿಮಗೆ ಗೊತ್ತಾ?"

ಅವನು ಪರದೆಯನ್ನೇ ನೋಡುತ್ತಿದ್ದ. ಮುಖದಲ್ಲಿ ರಕ್ತವಿರಲಿಲ್ಲ.

"ನಮ್ಮಮ್ಮ. ಯಾಕೆ?"

"ನಿಮ್ಮ..." ಅವನು ಮಹಾನಂದಾಳತ್ತ ತಿರುಗಿದ. "ಮೇಡಂ, ನಾನು ಬೋಲ್ಟು ಎಸೀಲಿಲ್ಲ. ಸುಳ್ಳು ಹೇಳ್ದೆ. ಯಾರಿಗೂ ಹೇಳ್ಬೇಡಪ್ಪ ಅಂತ ಕೈ ಮುಗಿದಿದ್ರು, ಅದಕ್ಕೇ. ಆ ಫೋಟೋ ನೋಡಿ ಮೊನ್ನೆ ಇವರು ಬಂದಿದ್ರು. ಇದೇ ಸೋಫಾ ಮೇಲೆ ಕೂತಿದ್ರು."

"ಏನ್ ಮಾತಾಡ್ತಿದೀರಿ ನೀವು?" ಎಂದು ಚೀರಿದಳು ನಿವೇದಿತಾ.

ಮಹಾನಂದಾ ಕೈ ಎತ್ತಿ ಅವಳನ್ನು ಸುಮ್ಮನಾಗಿಸಿದಳು. ಫೋನು ಹೊಡೆದುಕೊಳ್ಳುತ್ತಲೇ ಇತ್ತು. "ಏನ್ ಕೇಳಿದ್ರು?"

"ಬೋಲ್ಟು. ಅದೊಂದೇ. ನಾನೇ 'ಕರಡಿಗೆ ಬೇಕಿದ್ರೆ ತಗೊಳ್ಳಿ ಅಮ್ಮಾ' ಅಂದೆ. ಹಿರಿಯರು, ವಿಭೂತಿ ಹಚ್ಕೊಂಡಿದ್ದಾರೆ, ಕೊಟ್ಬಿಡೋಣ ಅನ್ನಿಸ್ತು. ಅವರು ಆ ಕಡೆ ತಿರುಗಿಯೂ ನೋಡ್ಲಿಲ್ಲ. 'ಬೆಳ್ಳಿ ನೀನೇ ಇಟ್ಕೊ, ಒಳಗಿಂದು ಕೊಡು' ಅಂದ್ರು. ಕೊಟ್ಬಿಟ್ಟೆ. ಒಳಗೆ ಬೋಲ್ಟು ಇತ್ತು ಅಂತ ನಾನು ಯಾರಿಗೂ ಹೇಳಿರ್ಲಿಲ್ಲ. ಫೋಟೋದಲ್ಲೂ ಇರ್ಲಿಲ್ಲ."

ಫೋನಿನ ಸದ್ದು ನಿಂತಿತು. ಮತ್ತೆ ಶುರುವಾಯಿತು.

ಮಹಾನಂದಾ ನಿವೇದಿತಾಳ ಬೆರಳುಗಳಿಂದ ಫೋನನ್ನು ಬಿಡಿಸಿಕೊಂಡು, ಸ್ಪೀಕರ್ ಒತ್ತಿ, ಮೇಜಿನ ಮೇಲೆ ಇಟ್ಟಳು.

"ನಿವೀ, ಎಲ್ಲಿದ್ದೀ ಅವ್ವಾ?" ಕಮಲಮ್ಮನ ದನಿ. ಹಿಂದೆ ಏನೋ ಕುಟ್ಟುವ ಭಾರಿ ಸದ್ದು. ದಢ್. ಬಿಡುವು. ದಢ್.

"ಅಮ್ಮಾರ, ನಾನು ಮಹಾನಂದಾ," ಎಂದಳು ಮಹಾನಂದಾ. ತನ್ನ ದನಿಯಲ್ಲಿದ್ದ ಸಿಟ್ಟನ್ನು ಹಲ್ಲಿನ ಹಿಂದೆಯೇ ಹಿಡಿದಳು. "ಬೋಲ್ಟು ಎಲ್ಲೈತ್ರಿ?"

ಆ ಕಡೆಯಿಂದ ಮತ್ತೆ ಅದೇ ಸದ್ದು. ದಢ್. ಅದು ದೇವರ ಕೋಣೆಯ ಸದ್ದಲ್ಲ. ಕಳೆದ ವಾರ ಕಾರ್ಖಾನೆಯಲ್ಲಿ ಅವಳು ಕೇಳಿದ್ದ, ಕೆಂಪಗೆ ಕಾದ ಕಬ್ಬಿಣದ ಮೇಲೆ ಬೀಳುವ ಹ್ಯಾಮರಿನ ಸದ್ದು.

"ನೀವು ಎಲ್ಲಿದ್ದೀರಿ ಅಮ್ಮಾರ? ಪೀಣ್ಯಾದಾಗ? ಯಾರಿಗೆ ಕೊಡಾಕ ಹೋಗೀರಿ ಅದನ್ನ?"

"ಮಹಾನಂದಾ," ಎಂದರು ಕಮಲಮ್ಮ. ಅಳುವನ್ನು ನುಂಗಿದ ದನಿ. "ಇವತ್ತ ನನ್ನ ಮಗಳನ್ನ ಮನಿಗೆ ಕಳಸಬ್ಯಾಡ್ರಿ. ನಿಮ್ಮ ಜೋಡಿನ ಇಟ್ಕೋರಿ. ಕಾರಣ ಕೇಳಬ್ಯಾಡ್ರಿ."

"ಅಮ್ಮಾ!" ಎಂದು ಮೇಜಿಗೆ ಬಾಗಿದಳು ನಿವೇದಿತಾ. "ಯಾರಿದಾರೆ ಅಲ್ಲಿ? ಯಾರು ನಿನ್ನ ಹಿಡ್ಕೊಂಡಿರೋದು?"

ಉತ್ತರ ಬಂತು. ಕಮಲಮ್ಮನದಲ್ಲ. ಫೋನಿನಿಂದ ತುಸು ದೂರದಲ್ಲಿ ನಿಂತ ಗಂಡಸಿನದು.

"ಸಾಕು ಮಾಡು ಕಮಲಾ. ಇಡು ಫೋನು."

ಕರೆ ಕಡಿಯಿತು.

ಸಂಗಮೇಶ್ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಕಣ್ಣು ಹಾಯಿಸಿದ. ಮಹಾನಂದಾ ನಿವೇದಿತಾಳ ತೋಳು ಹಿಡಿದುಕೊಂಡಳು. ಹುಡುಗಿ ಬೀಳುತ್ತಾಳೆ ಎನಿಸಿತ್ತು. ಅವಳು ಬೀಳಲಿಲ್ಲ. ಕತ್ತಲಾದ ಪರದೆಯನ್ನು ನೋಡುತ್ತಾ ನೆಟ್ಟಗೆ ನಿಂತಿದ್ದಳು.

"ಯಾರದು?" ಎಂದು ಕೇಳಿದಳು ಮಹಾನಂದಾ. "ಮ್ಯಾನೇಜರಾ? ಗುರುತು ಸಿಕ್ತಾ?"

"ಅಪ್ಪ," ಎಂದಳು ನಿವೇದಿತಾ.

ಬೋಲ್ಟಿನ ವಿಷಯ ಕಮಲಮ್ಮನಿಗೆ ಹೇಳಿ ತರಿಸಿಕೊಂಡವರು ಯಾರೆಂದು ಮಹಾನಂದಾಳಿಗೆ ಈಗ ತಿಳಿಯಿತು. ಆ ಮಾತುಗಳನ್ನು ಅವಳು ಮನಸ್ಸಿನಲ್ಲೇ ಮತ್ತೊಮ್ಮೆ ಕೇಳಿಸಿಕೊಂಡಳು. ಕಟ್ಟಿಹಾಕಿಸಿಕೊಂಡವನ ದನಿ ಅಲ್ಲ ಅದು. ಹೆದರಿದವನದೂ ಅಲ್ಲ. ಕೆಲಸದ ನಡುವೆ ಯಾರೋ ಅಡ್ಡ ಬಂದಾಗ ಯಜಮಾನ ಗದರುವ ದನಿ.